ಉತ್ತರ ಹೇಳೋಕೆ ಹೊತ್ತಿದೆಯಾ?

(ವಿದುರಾಶ್ವತ್ಥದ ಹುತಾತ್ಮರ ದಿನದ ಹಿಂದಿನ ಸಂಜೆ ಗೌರಿಬಿದನೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಊರಿನವರ ಮುಂದೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯಲ್ಲಿ ಹೇಳಲು ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬಿಸಿಲು ಇಳಿದ ಮೇಲೆ ಕಾರ್ಯಕ್ರಮ ಇಟ್ಟುಕೊಂಡಿದ್ದೀರಿ, ಅದಕ್ಕೆ ಮೊದಲು ಧನ್ಯವಾದ.

ಮಾತಿನಿಂದ ಜನರ ಜೀವಕ್ಕೆ ಅಪಾಯ ಬರುವಾಗ ಮಾತಿನ ಸ್ವಾತಂತ್ರ್ಯಕ್ಕೆ ಗಡಿ ಎಲ್ಲಿ ಹಾಕಬೇಕು, ಇದು ನನಗೆ ಕೊಟ್ಟ ವಿಷಯ. ನಾನು 24 ವರ್ಷದಿಂದ ಈ ಭಾಗದ ಕೋರ್ಟುಗಳಲ್ಲಿ ವಕೀಲಿ ಮಾಡುತ್ತಿದ್ದೇನೆ. ಸೆಕ್ಷನ್‌ಗಳನ್ನು ಹೇಳಿ ಮುಗಿಸಿಬಿಡಬಹುದು. ಆದರೆ ಈ ವಿಷಯ ನನ್ನ ತಲೆಯಲ್ಲಿ ಕೂತಿದ್ದು ಕೋರ್ಟಿನಲ್ಲಲ್ಲ, ಒಂದು ಹಾಲಿನ ಡೈರಿ ಮುಂದೆ. ಅದನ್ನು ಮೊದಲು ಹೇಳುತ್ತೇನೆ.

2018ರ ಮೇ ತಿಂಗಳು. ನನ್ನ ತವರು ಬಾಗೇಪಲ್ಲಿ ಕಡೆಯ ಒಂದು ಸಣ್ಣ ಊರು. ಊರಿನ ಹೆಸರು ಬೇಡ. ಅಮ್ಮನಿಗೆ ಹುಷಾರಿಲ್ಲ ಅಂತ ನೋಡಲು ಹೋಗಿದ್ದೆ. ಸಂಜೆ ಐದೂವರೆ ಹೊತ್ತು, ಎಲ್ಲರೂ ಡೈರಿಗೆ ಹಾಲು ಹಾಕಲು ಬರುವ ಸಮಯ. ಹೊರಗೆ ಗಲಾಟೆ ಕೇಳಿ ಹೋದರೆ, ಡೈರಿ ಪಕ್ಕದ ಕರೆಂಟ್ ಕಂಬಕ್ಕೆ ಇಬ್ಬರು ಹೆಂಗಸರನ್ನು ಹಗ್ಗದಲ್ಲಿ ಕಟ್ಟಿದ್ದರು. ಹಸು ಕಟ್ಟುವ ಹಗ್ಗ. ಅವರ ಜೊತೆ ಹತ್ತು ವರ್ಷದ ಒಬ್ಬ ಹುಡುಗ. ಅವನನ್ನು ಕಟ್ಟಿರಲಿಲ್ಲ. ಅವನೇ ಒಬ್ಬಳ ಸೀರೆ ಹಿಡಿದುಕೊಂಡು ನಿಂತಿದ್ದ.

ಅವರು ಯಾರು ಅಂತ ನೋಡಿದ ತಕ್ಷಣ ನನಗೆ ಗೊತ್ತಾಯಿತು. ನಿಮ್ಮಲ್ಲಿ ಹಳ್ಳಿಯಿಂದ ಬಂದವರಿಗೂ ಗೊತ್ತಿರುತ್ತದೆ. ಬಾಚಿದ ಕೂದಲು ತೆಗೆದುಕೊಂಡು ಸ್ಟೀಲ್ ಪಾತ್ರೆ, ಪಿನ್ನು, ಮಕ್ಕಳಿಗೆ ಬಲೂನು ಕೊಡುವವರು. ನಮ್ಮಮ್ಮ ದಿನಾ ತಲೆ ಬಾಚಿದ ಮೇಲೆ ಉದುರಿದ ಕೂದಲನ್ನು ಬೆರಳಿಗೆ ಸುತ್ತಿ ಹಿತ್ತಲ ಗೋಡೆಯ ಸಂದಿಗೆ ಸಿಕ್ಕಿಸಿ ಇಡುತ್ತಾರೆ. ವರ್ಷಕ್ಕೆ ಎರಡು ಸಲ ಇವರು ಬಂದಾಗ ಅದಕ್ಕೆ ಒಂದು ಲೋಟವೋ ತಟ್ಟೆಯೋ ಬರುತ್ತಿತ್ತು. ಅವತ್ತು ಅವರು ಒಂದು ಮನೆ ಮುಂದೆ ನಿಂತು ಒಂದು ಮಗುವಿನ ಕೈಗೆ ಬಲೂನು ಕೊಟ್ಟಿದ್ದಾರೆ. ಅಷ್ಟೇ ನಡೆದಿದ್ದು.

ಆದರೆ ಮೂರು ದಿನದಿಂದ ಊರಿನ ಎಲ್ಲರ ಫೋನಿನಲ್ಲೂ ಒಂದು ಆಡಿಯೋ ಓಡಾಡುತ್ತಿತ್ತು. ಮಕ್ಕಳ ಕಳ್ಳರು ನಮ್ಮ ಜಿಲ್ಲೆಗೆ ಬಂದಿದ್ದಾರೆ, ಹೆಂಗಸರ ವೇಷದಲ್ಲಿ ಬರುತ್ತಾರೆ, ಚಾಕಲೇಟು ಬಲೂನು ಕೊಟ್ಟು ಎತ್ತಿಕೊಂಡು ಹೋಗುತ್ತಾರೆ, ಸಿಕ್ಕರೆ ಬಿಡಬೇಡಿ. ಕೊನೆಯ ಆ ಎರಡು ಪದ ನೆನಪಿಟ್ಟುಕೊಳ್ಳಿ, ಆಮೇಲೆ ಅದಕ್ಕೇ ಬರುತ್ತೇನೆ.

ನಲವತ್ತು ಐವತ್ತು ಜನ ಸೇರಿದ್ದರು. ಎಲ್ಲಾ ಗೊತ್ತಿರುವ ಮುಖಗಳೇ. ಒಬ್ಬನ ಕೈಯಲ್ಲಿ ಸೌದೆ ಇತ್ತು. ನಾನು ಮುಂದೆ ಹೋಗಿ, ನಾನು ಲಾಯರ್, ಇದು ತಪ್ಪು, ಕೇಸ್ ಆಗುತ್ತೆ ಅಂತೆಲ್ಲ ಕೂಗಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಗ ಹಾಲು ಹಾಕಲು ಬಂದ ಒಬ್ಬ ಅಜ್ಜಿ ಕ್ಯಾನು ಕೆಳಗಿಟ್ಟರು. ಡೈರಿ ಒಳಗೆ ಹೋಗಿ ಒಂದು ಚೊಂಬಲ್ಲಿ ನೀರು ತಂದರು. ಕಟ್ಟಿಹಾಕಿದ್ದ ಹೆಂಗಸಿನ ಬಾಯಿಗೆ ಚೊಂಬು ಹಿಡಿದು, ‘ನೀಳ್ಳು ತಾಗುತಾವಾಮ್ಮಾ?’ ಅಂತ ಕೇಳಿದರು. ನಮ್ಮ ಕಡೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ನಿಮಗೇ ಗೊತ್ತು. ಆ ಹೆಂಗಸು ನೀರು ಕುಡಿದಳು. ಅಜ್ಜಿ ಎದ್ದು ಹೋಗಲಿಲ್ಲ. ಅಲ್ಲೇ ಮಣ್ಣಿನಲ್ಲಿ, ಇಬ್ಬರ ಮಧ್ಯೆ ಕೂತುಬಿಟ್ಟರು. ಹುಡುಗನನ್ನು ಪಕ್ಕಕ್ಕೆ ಎಳೆದುಕೊಂಡು ಹೆಸರೇನು, ಏನು ಉಂಡೆ ಅಂತ ವಿಚಾರಿಸಲು ಶುರು ಮಾಡಿದರು.

ಈಗ ಹೊಡೆಯಬೇಕು ಅಂದರೆ ಅಜ್ಜಿಯನ್ನು ದಾಟಿ ಹೊಡೆಯಬೇಕು. ಯಾರಿಗೂ ಕೈ ಬರಲಿಲ್ಲ. ಐದು ನಿಮಿಷ ಆಯಿತು, ಹತ್ತು ನಿಮಿಷ ಆಯಿತು. ಕೂಗಾಟ ಇಳಿಯಿತು. ಆಗ ನಾನು ಕೇಳಿದೆ, ‘ಯಾರ ಮಗು ಕಾಣೆಯಾಗಿದೆ ಹೇಳ್ರಪ್ಪಾ?’ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರ ಮಗುವೂ ಕಾಣೆಯಾಗಿರಲಿಲ್ಲ. ಇದೇ ಪ್ರಶ್ನೆಯನ್ನು ನಾನು ಮೊದಲೂ ಕೇಳಿದ್ದೆ. ಆಗ ಯಾರಿಗೂ ಕೇಳಿಸಿರಲಿಲ್ಲ. ಪೊಲೀಸರು ಬರುವ ಹೊತ್ತಿಗೆ ಮುಕ್ಕಾಲು ಗಂಟೆ ಆಗಿತ್ತು. ಅಷ್ಟರಲ್ಲಿ ಯಾರೋ ಹಗ್ಗ ಬಿಚ್ಚಿದ್ದರು. ಯಾರು ಬಿಚ್ಚಿದರು ಅಂತ ನಾನು ನೋಡಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ನನ್ನ ತಮ್ಮನ ಫೋನ್ ನೋಡಿದೆ. ಆ ಆಡಿಯೋವನ್ನು ಊರಿನ ಗ್ರೂಪಿಗೆ ಕಳಿಸಿದವನು ಅವನೇ. ‘ಅಕ್ಕಾ, ಒಳ್ಳೇದಕ್ಕೇ ಕಳಿಸಿದ್ದು. ನಮ್ಮ ಮನೇಲೂ ಮಕ್ಕಳಿಲ್ವಾ?’ ಅಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವತ್ತು ಅವನಿಗೆ ನಾನು ಏನೂ ಹೇಳಲಿಲ್ಲ, ಹೇಳಲು ಗೊತ್ತಾಗಲಿಲ್ಲ.

ನಮ್ಮೂರಲ್ಲಿ ಜೀವ ಉಳಿಯಿತು. ಎಲ್ಲಾ ಕಡೆ ಉಳಿಯಲಿಲ್ಲ. ಅದೇ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ದುಡಿಯಲು ಬಂದಿದ್ದ ರಾಜಸ್ಥಾನದ ಒಬ್ಬ ಯುವಕನನ್ನು ಮಕ್ಕಳ ಕಳ್ಳ ಅಂತ ಜನ ಹೊಡೆದು ಸಾಯಿಸಿದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಅಲೆಮಾರಿ ಸಮುದಾಯದ ಐದು ಜನ ಸತ್ತರು. ಜುಲೈ 13ರಂದು ನಮ್ಮದೇ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟು ಕೊಟ್ಟರು ಎಂಬ ಕಾರಣಕ್ಕೆ, ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಕಾರನ್ನು ಅಡ್ಡಗಟ್ಟಿ ಹೊಡೆದರು. ಅವರಲ್ಲಿ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ತೀರಿಹೋದ. ಚಾಕಲೇಟು ಕೊಟ್ಟ ಊರಿನಿಂದ ಹೊರಟವರನ್ನು ಮುಂದಿನ ಊರಾದ ಮುರ್ಕಿಯಲ್ಲಿ ತಡೆದಿದ್ದರು. ಕಾರಿಗಿಂತ ಮುಂಚೆ ಮೆಸೇಜು ಅಲ್ಲಿಗೆ ಮುಟ್ಟಿತ್ತು.

ಇದರಲ್ಲಿ ನನಗೆ ಅತ್ಯಂತ ಸಂಕಟ ಕೊಟ್ಟಿದ್ದು ತ್ರಿಪುರಾದ ಘಟನೆ. 2018ರ ಜೂನ್ 28. ಮಕ್ಕಳ ಕಳ್ಳರ ವದಂತಿ ನಂಬಬೇಡಿ ಅಂತ ಊರೂರಿಗೆ ಹೋಗಿ ಮೈಕಿನಲ್ಲಿ ಹೇಳಲು ಸರ್ಕಾರವೇ ಒಬ್ಬ ವ್ಯಕ್ತಿಯನ್ನು ನೇಮಿಸಿತ್ತು. ಅವನನ್ನೇ ಮಕ್ಕಳ ಕಳ್ಳ ಅಂತ ಜನ ಕೊಂದರು. ಯೋಚನೆ ಮಾಡಿ. ಸುಳ್ಳಿಗೆ ಉತ್ತರ ಹೇಳಲು ಬಂದವನು ಅವನು. ಉತ್ತರ ಅವನ ಕೈಯಲ್ಲೇ ಇತ್ತು, ಮೈಕು ಸಮೇತ. ಕೇಳಿಸಿಕೊಳ್ಳುವ ಹೊತ್ತು ಆ ಜನರ ಹತ್ತಿರ ಇರಲಿಲ್ಲ.

ಇಷ್ಟು ಕೇಳಿದ ಮೇಲೆ ನಿಮ್ಮಲ್ಲಿ ಅನೇಕರಿಗೆ ಅನ್ನಿಸುತ್ತಿರಬಹುದು, ಇಂಥ ಮಾತಿಗೆಲ್ಲ ಸರ್ಕಾರ ಗಟ್ಟಿಯಾಗಿ ಬೀಗ ಹಾಕಬೇಕು ಅಂತ. ನನಗೂ ಆ ರಾತ್ರಿ ಹಾಗೇ ಅನ್ನಿಸಿತ್ತು. ಆದರೆ ನಾವು ಕೂತಿರುವುದು ಗೌರಿಬಿದನೂರಿನಲ್ಲಿ. ನಾಳೆ ಏಪ್ರಿಲ್ 25.

1938ರಲ್ಲಿ ನಮ್ಮದು ಮೈಸೂರು ಸಂಸ್ಥಾನ, ಈ ತಾಲ್ಲೂಕು ಕೋಲಾರ ಜಿಲ್ಲೆಗೆ ಸೇರಿತ್ತು. ಆ ಏಪ್ರಿಲ್‌ನಲ್ಲೇ ಮದ್ದೂರಿನ ಹತ್ತಿರದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನವರು ನಿಷೇಧ ಮೀರಿ ಬಾವುಟ ಹಾರಿಸಿದ್ದರು. ಅದರ ಬಿಸಿ ಇಲ್ಲಿಗೂ ಬಂತು. ನಮ್ಮ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಬಾರದು, ಭಾಷಣ ಮಾಡಬಾರದು ಅಂತ ಅಧಿಕಾರಿಗಳು ನಿಷೇಧಾಜ್ಞೆ ಹಾಕಿದರು. ಕಾರಣ ಏನು ಕೊಟ್ಟಿರಬಹುದು, ಊಹಿಸಿ. ಸಾರ್ವಜನಿಕ ಶಾಂತಿ. ಜನ ಆದರೂ ಬಂದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರು ಎಷ್ಟು ಎಂಬುದರಲ್ಲೇ ಜಗಳ ಇದೆ. ಸರ್ಕಾರದ ಲೆಕ್ಕ ಚಿಕ್ಕದು, ಊರಿನವರ ಲೆಕ್ಕ ಮೂವತ್ತು ದಾಟುತ್ತದೆ.

ಆಮೇಲೆ ಏನಾಯಿತು ಗೊತ್ತಾ? ಗಾಂಧೀಜಿ ಕಡೆಯಿಂದ ಸರ್ದಾರ್ ಪಟೇಲರು, ಆಚಾರ್ಯ ಕೃಪಲಾನಿ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತುಕತೆ ನಡೆಯಿತು. ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಎಂಬ ಒಪ್ಪಂದ ಆಯಿತು. ಅಂದರೆ ಏಪ್ರಿಲ್‌ನಲ್ಲಿ ಯಾವ ಬಾವುಟದಿಂದ ಶಾಂತಿ ಕೆಡುತ್ತದೆ ಅಂತ ಗುಂಡು ಹೊಡೆದರೋ, ಮೇ ತಿಂಗಳಲ್ಲಿ ಅದೇ ಬಾವುಟ ಹಾರಿಸಲು ಒಪ್ಪಿಗೆ. ಆ ಬಾವುಟದಿಂದ ಯಾರ ಜೀವಕ್ಕೂ ಅಪಾಯ ಇರಲಿಲ್ಲ. ಅಪಾಯ ಇದ್ದದ್ದು ದರ್ಬಾರಿನ ಗತ್ತಿಗೆ. ಅಲ್ಲಿ ಸತ್ತವರ ಸ್ಮಾರಕ ವೀರಸೌಧಕ್ಕೆ ನಾಳೆ ನೀವು ಹೋಗುತ್ತೀರಿ. ಅಲ್ಲಿರುವ ಹೆಸರುಗಳನ್ನು ಸುಮ್ನೆ ನೋಡಿ ಬರಬೇಡಿ, ಒಂದೊಂದಾಗಿ ಓದಿ. ಜೀವ ಕಾಪಾಡುತ್ತೇವೆ ಅಂತ ಹೊರಡಿಸಿದ ಆಜ್ಞೆಗೆ ಜೀವ ಕೊಟ್ಟವರು ಅವರು.

ಹಾಗಾಗಿ ನನಗೆ ಡೈರಿ ಮುಂದಿನ ಕಂಬವೂ ಬೇಕು, ವಿದುರಾಶ್ವತ್ಥವೂ ಬೇಕು. ಒಂದನ್ನು ಮಾತ್ರ ನೋಡಿದರೆ ಎಲ್ಲಾ ಮಾತಿಗೂ ಬೀಗ ಹಾಕೋಣ ಅನ್ನಿಸುತ್ತದೆ. ಇನ್ನೊಂದನ್ನು ಮಾತ್ರ ನೋಡಿದರೆ ಯಾವ ಮಾತಿಗೂ ತಡೆ ಬೇಡ ಅನ್ನಿಸುತ್ತದೆ.

ನಮ್ಮ ಸಂವಿಧಾನ ಬರೆದವರಿಗೂ ಇದೇ ಇಕ್ಕಟ್ಟು ಇತ್ತು. 19ನೇ ವಿಧಿ ಮಾತಾಡುವ ಹಕ್ಕು ಕೊಡುತ್ತದೆ, ಅದರ ಎರಡನೇ ಉಪವಿಧಿ ಗಡಿ ಹೇಳುತ್ತದೆ. ಸಂವಿಧಾನ ಜಾರಿಯಾಗಿ ನಾಲ್ಕೇ ತಿಂಗಳಿಗೆ ಮೊದಲ ದೊಡ್ಡ ಪರೀಕ್ಷೆ ಬಂತು. ರೊಮೇಶ್ ಥಾಪರ್ ಎಂಬ ಸಂಪಾದಕರ ವಾರಪತ್ರಿಕೆ ನಮ್ಮ ಪ್ರಾಂತ್ಯಕ್ಕೆ ಬರಕೂಡದು ಅಂತ ಮದ್ರಾಸ್ ಸರ್ಕಾರ ತಡೆ ಹಾಕಿತು. ಕಾನೂನಿನಲ್ಲಿ ಬರೆದಿದ್ದ ಕಾರಣ ‘ಸಾರ್ವಜನಿಕ ಸುರಕ್ಷತೆ’. 1950ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ತಡೆಯನ್ನು ಕಿತ್ತುಹಾಕಿತು. ಆ ತೀರ್ಪಿನಲ್ಲಿ ಒಂದು ಮಾತು ನನಗೆ ತುಂಬಾ ಇಷ್ಟ. ಸಾರ್ವಜನಿಕ ಸುರಕ್ಷತೆ ಅನ್ನುವ ಪದ ಎಷ್ಟು ಅಗಲ ಅಂದರೆ, ರಸ್ತೆಯಲ್ಲಿ ಅಡ್ಡಾದಿಡ್ಡಿ ಗಾಡಿ ಓಡಿಸುವುದೂ ಅದರೊಳಗೆ ಬಂದುಬಿಡುತ್ತದೆ ಅಂತ ನ್ಯಾಯಮೂರ್ತಿಗಳು ತೋರಿಸಿದರು. ಅಷ್ಟು ಅಗಲದ ಬಲೆ ಬೀಸಿದರೆ ಯಾವ ಮೀನು ತಪ್ಪಿಸಿಕೊಳ್ಳುತ್ತದೆ ಹೇಳಿ?

ಮರುವರ್ಷವೇ, 1951ರಲ್ಲಿ, ಸಂಸತ್ತು ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದಿತು. ‘ಸಾರ್ವಜನಿಕ ಸುವ್ಯವಸ್ಥೆ’, ‘ಅಪರಾಧಕ್ಕೆ ಪ್ರಚೋದನೆ’ ಎಂಬ ಹೊಸ ಕಾರಣಗಳು ಸೇರಿದವು. ಆದರೆ ಅದರ ಜೊತೆಗೇ ಇನ್ನೊಂದು ಪದವೂ ಬಂತು. ನಿರ್ಬಂಧ ‘ಸಮಂಜಸ’ ಆಗಿರಬೇಕು. ಸರ್ಕಾರಕ್ಕೆ ಕೋಲು ಕೊಟ್ಟ ಕೈಯೇ ಆ ಕೋಲನ್ನು ಅಳೆಯುವ ಮೊಳವನ್ನೂ ಕೋರ್ಟಿಗೆ ಕೊಟ್ಟಿತು. ಎಪ್ಪತ್ತು ವರ್ಷದಿಂದ ಕೋರ್ಟುಗಳು ಅಳೆಯುತ್ತಾ ಬಂದಿವೆ. ಎಲ್ಲಾ ಸಲ ಸರಿಯಾಗಿ ಅಳೆದಿವೆ ಅಂತ ನಾನು ಹೇಳುವುದಿಲ್ಲ.

ಸರಿಯಾಗಿ ಅಳೆದ ಒಂದನ್ನು ಹೇಳುತ್ತೇನೆ, ನಮ್ಮ ಬಯಲುಸೀಮೆಯವರಿಗೆ ಬೇಗ ಅರ್ಥ ಆಗುವಂಥದ್ದು. ಉತ್ತರ ಪ್ರದೇಶ ಸರ್ಕಾರ ಕಾಲುವೆ ನೀರಿನ ದರ ಏರಿಸಿತು. ರಾಮಮನೋಹರ ಲೋಹಿಯಾ ರೈತರ ಮುಂದೆ ನಿಂತು, ಏರಿಸಿದ ದರ ಕಟ್ಟಬೇಡಿ ಅಂದರು. 1954ರಲ್ಲಿ ಅವರನ್ನು ಹಿಡಿದು ಒಳಗೆ ಹಾಕಿದರು. ಬ್ರಿಟಿಷರ ಕಾಲದ 1932ರ ಒಂದು ಕಾಯ್ದೆ ಅದಕ್ಕೆ ಆಧಾರ. ಸರ್ಕಾರದ ವಾದ ಹೀಗಿತ್ತು. ಇವತ್ತು ನೀರಿನ ದರ ಕಟ್ಟಬೇಡಿ ಅನ್ನುತ್ತಾರೆ, ನಾಳೆ ಕಂದಾಯ ಕಟ್ಟಬೇಡಿ ಅನ್ನುತ್ತಾರೆ, ನಾಡಿದ್ದು ದಂಗೆ ಆಗುತ್ತದೆ. 1960ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಮಾತಿಗೂ ಗಲಭೆಗೂ ಹತ್ತಿರದ ನಂಟು ಇರಬೇಕು, ಎಲ್ಲೋ ದೂರದ, ಎಳೆದು ಕಟ್ಟಿದ ನಂಟು ಸಾಲದು ಅಂದಿತು. ಶಾಶ್ವತ ನೀರಾವರಿ ಬೇಕು ಅಂತ ಚಿಕ್ಕಬಳ್ಳಾಪುರ, ಕೋಲಾರದ ರೈತರು ಎಷ್ಟು ವರ್ಷದಿಂದ ರಸ್ತೆಗೆ ಇಳಿದಿದ್ದಾರೆ! ಅವರ ಮಾತು ಖಾರವಾಗಿಯೇ ಇರುತ್ತದೆ. ಇರಬೇಕು. ಸಾವಿರ ಅಡಿ ಕೊರೆಸಿದರೂ ನೀರು ಸಿಗದವನು ಮೆತ್ತಗೆ ಮಾತಾಡಲಿ ಅಂತ ಕೇಳುವ ಹಕ್ಕು ಯಾರಿಗೂ ಇಲ್ಲ.

1989ರ ಇನ್ನೊಂದು ತೀರ್ಪು ಒಂದು ತಮಿಳು ಸಿನಿಮಾ ಕುರಿತದ್ದು. ಮಾತಿಗೂ ಅಪಾಯಕ್ಕೂ ಇರುವ ನಂಟು ಸಿಡಿಮದ್ದಿನ ಪೀಪಾಯಿಗೆ ಬಿದ್ದ ಕಿಡಿಯಂತೆ ಇರಬೇಕು ಅಂತ ಅದರಲ್ಲಿ ಹೇಳಿದರು. ಅದಕ್ಕಿಂತ ಮುಖ್ಯವಾದ ಮಾತೂ ಅದರಲ್ಲೇ ಇದೆ. ಗಲಾಟೆ ಮಾಡುತ್ತೇವೆ ಅಂತ ಹೆದರಿಸುವವರಿಗೆ ಸೋತು ಮಾತಾಡುವವನ ಬಾಯಿ ಮುಚ್ಚಿಸಬಾರದು, ಅವನಿಗೆ ರಕ್ಷಣೆ ಕೊಡುವುದು ಸರ್ಕಾರದ ಕೆಲಸ. ತಾಲ್ಲೂಕು ಮಟ್ಟದಲ್ಲಿ ನಾನು ಜಾಸ್ತಿ ನೋಡುವುದು ಇದರ ಉಲ್ಟಾ. ಯಾರೋ ನಾಲ್ಕು ಜನ ಬಂದು ಈ ಸಭೆ ನಡೆದರೆ ನೋಡಿಕೊಳ್ಳುತ್ತೇವೆ ಅನ್ನುತ್ತಾರೆ. ಸಭೆಯ ಅನುಮತಿ ರದ್ದಾಗುತ್ತದೆ. ಬೆದರಿಸಿದವರು ಆರಾಮಾಗಿ ಮನೆಗೆ ಹೋಗುತ್ತಾರೆ.

ಮಾತಿನ ಮಿತಿ ಅಂದ ಕೂಡಲೇ ಎಲ್ಲರೂ ಒಂದು ಉದಾಹರಣೆ ಕೊಡುತ್ತಾರೆ. ತುಂಬಿದ ಥಿಯೇಟರಿನಲ್ಲಿ ಸುಳ್ಳೇ ‘ಬೆಂಕಿ ಬೆಂಕಿ’ ಅಂತ ಕೂಗೋ ಸ್ವಾತಂತ್ರ್ಯ ಯಾರಿಗೂ ಇಲ್ಲ ಅಂತ. ನಿಜ, ಇಲ್ಲ. 1913ರ ಕ್ರಿಸ್‌ಮಸ್ ಹಿಂದಿನ ದಿನ ಅಮೆರಿಕದ ಮಿಷಿಗನ್‌ನಲ್ಲಿ, ಮುಷ್ಕರ ಹೂಡಿದ್ದ ತಾಮ್ರದ ಗಣಿ ಕಾರ್ಮಿಕರ ಕುಟುಂಬಗಳು ಒಂದು ಹಾಲ್‌ನಲ್ಲಿ ಸೇರಿದ್ದವು. ಯಾರೋ ‘ಬೆಂಕಿ’ ಅಂತ ಕೂಗಿದರು. ಬೆಂಕಿ ಇರಲಿಲ್ಲ. ಮೆಟ್ಟಿಲ ಮೇಲೆ ತುಳಿದಾಟದಲ್ಲಿ 73 ಜನ ಸತ್ತರು. ಅದರಲ್ಲಿ 59 ಮಕ್ಕಳು.

ಆದರೆ ಆ ಥಿಯೇಟರಿನ ಮಾತು ಎಲ್ಲಿಂದ ಬಂತು ಅನ್ನುವುದು ಅನೇಕರಿಗೆ ಗೊತ್ತಿಲ್ಲ. 1919ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹೋಮ್ಸ್ ಬರೆದಿದ್ದು. ಆ ಕೇಸಿನಲ್ಲಿ ಥಿಯೇಟರೂ ಇರಲಿಲ್ಲ, ಕೂಗಿದವನೂ ಇರಲಿಲ್ಲ. ಬಲವಂತವಾಗಿ ಸೈನ್ಯಕ್ಕೆ ಸೇರಿಸುವುದು ತಪ್ಪು ಅಂತ ಕರಪತ್ರ ಹಂಚಿದ ಷೆಂಕ್ ಎಂಬ ಸಮಾಜವಾದಿ ಇದ್ದ. ಅವನ ಶಿಕ್ಷೆಯನ್ನು ಎತ್ತಿಹಿಡಿಯಲು ಆ ಉದಾಹರಣೆ ಬಳಸಿದರು. ಕರಪತ್ರ ಓದುವವನು ಕೂತು ಓದುತ್ತಾನೆ, ಯೋಚಿಸುತ್ತಾನೆ, ಬೇಕಾದರೆ ಹರಿದು ಬಿಸಾಡುತ್ತಾನೆ. ಕತ್ತಲ ಥಿಯೇಟರಿನಲ್ಲಿ ಕೂತವನಿಗೆ ಆ ಅವಕಾಶ ಎಲ್ಲಿದೆ? ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಿದ್ದು ಅನ್ಯಾಯ. ಆ ಕೋರ್ಟೇ ನಿಧಾನಕ್ಕೆ ಅಲ್ಲಿಂದ ದೂರ ಸರಿಯಿತು. 1927ರಲ್ಲಿ ಬ್ರಾಂಡೈಸ್ ಎಂಬ ನ್ಯಾಯಮೂರ್ತಿ ಹೇಳಿದ್ದರ ಸಾರ ಇಷ್ಟು: ಕೆಟ್ಟ ಮಾತಿಗೆ ಮಾತಿನಿಂದ ಉತ್ತರ ಹೇಳಲು ಸಮಯ ಇದ್ದರೆ, ಇನ್ನಷ್ಟು ಮಾತಾಡುವುದೇ ಮದ್ದು, ಬಾಯಿ ಮುಚ್ಚಿಸುವುದಲ್ಲ.

ಇದನ್ನು ನಾನು ಓದಿದ್ದು ಕಾನೂನು ಕಾಲೇಜಿನಲ್ಲಿ. ಅರ್ಥ ಆಗಿದ್ದು ಅಜ್ಜಿ ಚೊಂಬು ಹಿಡಿದುಕೊಂಡು ಬಂದ ದಿನ. ಉತ್ತರ ಹೇಳೋಕೆ ಹೊತ್ತಿದೆಯಾ? ನನ್ನ ಮಟ್ಟಿಗೆ ಇದೊಂದೇ ಪ್ರಶ್ನೆ. ಮಾತು ಎಷ್ಟು ಕೆಟ್ಟದು, ಎಷ್ಟು ಜನರಿಗೆ ನೋವಾಯಿತು, ಸರ್ಕಾರಕ್ಕೆ ಎಷ್ಟು ಮುಜುಗರವಾಯಿತು ಅನ್ನುವುದರಿಂದ ಗಡಿ ಹಾಕಬಾರದು. ಯಾರ ಮುಂದೆ, ಯಾವ ಗಳಿಗೆಯಲ್ಲಿ, ಏನು ಮಾಡಿ ಅಂತ ಹೇಳಿದ್ದು ಅನ್ನುವುದರಿಂದ ಹಾಕಬೇಕು.

ಒಂದು ಉದಾಹರಣೆ. ಇದರ ಮೂಲ 1859ರಲ್ಲಿ ಇಂಗ್ಲೆಂಡಿನ ಚಿಂತಕ ಜಾನ್ ಸ್ಟುವರ್ಟ್ ಮಿಲ್ ಬರೆದದ್ದು. ಅವರು ಧಾನ್ಯದ ವ್ಯಾಪಾರಿ ಅಂದಿದ್ದರು, ನಾನು ಟೊಮೊಟೊ ಮಂಡಿ ಅನ್ನುತ್ತೇನೆ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಇನ್ನು ಕೆಲವು ಸಲ ಬಾಡಿಗೆಯೂ ಹುಟ್ಟದೆ ರೈತ ರಸ್ತೆಗೆ ಸುರಿದು ಹೋಗುತ್ತಾನೆ. ಆಗ ಒಬ್ಬ ರೈತ ‘ಮಂಡಿಯವರು ನಮ್ಮ ರಕ್ತ ಹೀರ್ತಾರೆ’ ಅಂತ ಪತ್ರಿಕೆಗೆ ಬರೆಯುತ್ತಾನೆ. ಬರೆಯಲಿ. ಮಂಡಿಯವರೂ ತಮ್ಮ ಲೆಕ್ಕ ತೋರಿಸಿ ಉತ್ತರ ಬರೆಯಲಿ, ಓದಿದವರು ಯಾವುದು ನಿಜ ಅಂತ ನೋಡಿಕೊಳ್ಳಲಿ. ಈಗ ಅದೇ ವಾಕ್ಯ, ಒಂದು ಅಕ್ಷರ ಬದಲಿಲ್ಲ. ರಾತ್ರಿ ಹತ್ತು ಗಂಟೆ. ಒಬ್ಬ ಮಂಡಿ ಮಾಲೀಕನ ಮನೆ ಮುಂದೆ ಇನ್ನೂರು ಜನ ಸಿಟ್ಟಲ್ಲಿ ನಿಂತಿದ್ದಾರೆ, ಕೆಲವರ ಕೈಯಲ್ಲಿ ಸೀಮೆಎಣ್ಣೆ ಕ್ಯಾನು. ಒಳಗೆ ಹೆಂಡತಿ ಮಕ್ಕಳು. ಅಲ್ಲಿ ಜೀಪಿನ ಮೇಲೆ ಹತ್ತಿ ಒಬ್ಬ ಅದೇ ವಾಕ್ಯ ಕೂಗುತ್ತಾನೆ. ಇದನ್ನು ಅಭಿಪ್ರಾಯ ಅನ್ನೋಕಾಗಲ್ಲ. ಒಳಗಿರುವವನು ಕಿಟಕಿ ತೆಗೆದು ಲೆಕ್ಕದ ಪುಸ್ತಕ ತೋರಿಸುತ್ತಾನಾ?

ಹಾಗಾದರೆ ಫೋನಿನಲ್ಲಿ ಬಂದ ಆಡಿಯೋ ಯಾವ ಕಡೆಗೆ ಸೇರುತ್ತದೆ? ಇದು ಕಷ್ಟದ ಪ್ರಶ್ನೆ. ಮಿಲ್ ಕಾಲದಲ್ಲಿ ಪತ್ರಿಕೆ ಬೇರೆ, ಮನೆ ಮುಂದಿನ ಗುಂಪು ಬೇರೆ. ಫೋನು ಎರಡನ್ನೂ ಒಂದೇ ಮಾಡಿಬಿಟ್ಟಿದೆ. ಮನೆಯಲ್ಲಿ ಒಬ್ಬನೇ ಕೂತು ಕೇಳುತ್ತೀರಿ, ಆದರೆ ಅದೇ ನಿಮಿಷ ಊರೆಲ್ಲ ಕೇಳುತ್ತಿರುತ್ತದೆ. ಗುಂಪು ಕಣ್ಣಿಗೆ ಕಾಣದೆ ಮೊದಲೇ ಸೇರಿರುತ್ತದೆ. ಅದಕ್ಕೇ ಆ ಆಡಿಯೋದ ಕೊನೆಯ ಎರಡು ಪದ ನೆನಪಿಟ್ಟುಕೊಳ್ಳಿ ಅಂದಿದ್ದು. ‘ಮಕ್ಕಳ ಕಳ್ಳರು ಬಂದಿದ್ದಾರೆ’ ಅನ್ನುವುದು ಸುಳ್ಳು ಸುದ್ದಿ. ಅದಕ್ಕೆ ಠಾಣೆಗೆ ಫೋನ್ ಮಾಡಿ ನಿಜವಾ ಅಂತ ಕೇಳಬಹುದು. ‘ಸಿಕ್ಕರೆ ಬಿಡಬೇಡಿ’ ಅನ್ನುವುದು ಸುದ್ದಿ ಅಲ್ಲವೇ ಅಲ್ಲ. ಅದು ಅಪ್ಪಣೆ. ಮೊದಲನೆಯದನ್ನು ನಂಬಿದ ತಂದೆತಾಯಿಯನ್ನು ನಾನು ಕ್ಷಮಿಸುತ್ತೇನೆ. ಎರಡನೆಯದನ್ನು ರೆಕಾರ್ಡ್ ಮಾಡಿದವನನ್ನು ಕ್ಷಮಿಸುವುದಿಲ್ಲ.

ಕಾನೂನೂ ಹೆಚ್ಚು ಕಡಿಮೆ ಹೀಗೇ ನೋಡುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 353ನೇ ಸೆಕ್ಷನ್ ನೋಡಿ. ಹಳೆಯ ದಂಡ ಸಂಹಿತೆಯಲ್ಲಿ ಇದು 505 ಆಗಿತ್ತು. ಜನರಲ್ಲಿ ಭಯ ಹುಟ್ಟಿಸಿ ಅಪರಾಧಕ್ಕೆ ದೂಡುವಂಥ ಸುಳ್ಳು ಮಾಹಿತಿ, ವದಂತಿ ಹರಡಿದರೆ ಮೂರು ವರ್ಷದವರೆಗೆ ಜೈಲು. ಫೋನಿನಲ್ಲಿ ಕಳಿಸಿದರೂ ಅಷ್ಟೇ. ಆದರೆ ಅದರಲ್ಲೇ ಒಂದು ವಿನಾಯಿತಿ ಇದೆ. ಇದು ನಿಜ ಅಂತ ನಂಬಲು ಸರಿಯಾದ ಕಾರಣ ಇದ್ದು, ಕೆಟ್ಟ ಉದ್ದೇಶ ಇಲ್ಲದೆ, ಸದ್ಭಾವದಿಂದ ಹೇಳಿದ್ದರೆ ಅಪರಾಧ ಅಲ್ಲ. ನನ್ನ ತಮ್ಮನಿಗೆ ಕೆಟ್ಟ ಉದ್ದೇಶ ಇರಲಿಲ್ಲ. ನಂಬಲು ಸರಿಯಾದ ಕಾರಣ ಇತ್ತಾ? ಆಮೇಲೊಂದು ದಿನ ಅವನನ್ನು ಇದೇ ಕೇಳಿದೆ. ‘ಎಲ್ಲರೂ ಕಳಿಸ್ತಿದ್ರು ಅಕ್ಕಾ’ ಅಂದ. ಎಲ್ಲರೂ ಕಳಿಸುತ್ತಿದ್ದರು ಅನ್ನುವುದು ಕಾರಣ ಆಗುತ್ತದಾ? ಇಲ್ಲಿಂದ ಸ್ವಲ್ಪ ದೂರದ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಜೀವನ ಪೂರ್ತಿ ಇದೇ ಪ್ರಶ್ನೆ ಕೇಳಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿಯನ್ನೇ ಮಾಡಿದರು. ನಿಮ್ಮಲ್ಲಿ ಅನೇಕರ ಅಪ್ಪ ಅಮ್ಮ ಅವರು ಕಟ್ಟಿದ ಕಾಲೇಜಿನಲ್ಲಿ ಓದಿರಬೇಕು. ಹೇಗೆ ಗೊತ್ತು ಅಂತ ಕೇಳುವುದನ್ನು ಈ ತಾಲ್ಲೂಕಿಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿಲ್ಲ.

ಇನ್ನು ಕಾನೂನಿನ ದುರುಪಯೋಗದ ಮಾತು. 2012ರ ನವೆಂಬರ್‌ನಲ್ಲಿ ಬಾಳ್ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆಯಿತು. ಇದೆಲ್ಲ ಯಾಕೆ ಅಂತ ಪಾಲ್ಘರ್‌ನ ಒಬ್ಬ ಹುಡುಗಿ ಫೇಸ್‌ಬುಕ್‌ನಲ್ಲಿ ಬರೆದಳು. ಇನ್ನೊಬ್ಬಳು ಅದಕ್ಕೆ ಲೈಕ್ ಒತ್ತಿದಳು. ಇಬ್ಬರೂ ಅರೆಸ್ಟ್. ನಿಮ್ಮದೇ ವಯಸ್ಸಿನವರು. ಆ ಘಟನೆಯಿಂದ ಶುರುವಾದ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ, 2015ರ ಮಾರ್ಚ್ 24ರಂದು, ಆ ಹುಡುಗಿಯರ ಮೇಲೆ ಬಳಸಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಅನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಚರ್ಚೆ ಮಾಡಬಹುದು, ಒಂದು ವಾದದ ಪರ ನಿಂತು ಹೇಳಬಹುದು, ಅದು ಎಷ್ಟೇ ಕಹಿಯಾಗಿರಲಿ. ಕುಮ್ಮಕ್ಕು ಕೊಡುವ ಹಂತ ಮುಟ್ಟಿದಾಗ ಮಾತ್ರ ಕಾನೂನು ಬರಬೇಕು. ತೀರ್ಪಿನ ತಿರುಳು ಇದು.

ಕೊನೆಯದಾಗಿ, ಜೈಲಿಗೆ ಹಾಕುವುದೊಂದೇ ದಾರಿಯಾ? 2012ರ ಆಗಸ್ಟ್ ನೆನಪಿದೆಯಾ? ಇಲ್ಲಿರುವ ಹಿರಿಯರಿಗೆ ಇರುತ್ತದೆ. ಈಶಾನ್ಯದವರ ಮೇಲೆ ಬೆಂಗಳೂರಿನಲ್ಲಿ ದಾಳಿ ಆಗುತ್ತದೆ ಅಂತ ಎಸ್ಸೆಮ್ಮೆಸ್ಸುಗಳು ಹರಿದಾಡಿದವು. ಹೋಟೆಲ್, ಸೆಕ್ಯುರಿಟಿ, ಬ್ಯೂಟಿ ಪಾರ್ಲರ್ ಕೆಲಸದಲ್ಲಿದ್ದ ಸಾವಿರಾರು ಯುವಕ ಯುವತಿಯರು ಎರಡು ಮೂರು ದಿನದಲ್ಲಿ ಗುವಾಹಟಿ ರೈಲು ಹತ್ತಿದರು. ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಅವತ್ತು ಒಂದು ವಕಾಲತ್ತು ಕೆಲಸಕ್ಕೆ ಬೆಂಗಳೂರಿಗೆ ಹೋಗಿ ಸ್ಟೇಷನ್ನಿನಲ್ಲಿ ಇಳಿದವಳು ನಾನು. ಪ್ಲಾಟ್‌ಫಾರ್ಮಿನಲ್ಲಿ ಒಂದು ಹುಡುಗಿ ಕುಕ್ಕರ್ ಹಿಡಿದುಕೊಂಡು ಕೂತಿದ್ದಳು. ಬಟ್ಟೆ ಗಂಟು ಇಲ್ಲ, ಸೂಟ್‌ಕೇಸ್ ಇಲ್ಲ, ಒಂದು ಕುಕ್ಕರ್ ಮಾತ್ರ. ಭಯ ಬಂದಾಗ ಕೈಗೆ ಏನು ಸಿಕ್ಕಿತೋ ಅದು.

ಆಗ ಕೇಂದ್ರ ಸರ್ಕಾರ ಒಂದು ಕೆಲಸ ಮಾಡಿತು. ಹದಿನೈದು ದಿನ ಒಟ್ಟಿಗೆ ಐದಕ್ಕಿಂತ ಹೆಚ್ಚು ಜನಕ್ಕೆ ಎಸ್ಸೆಮ್ಮೆಸ್ ಕಳಿಸುವಂತಿಲ್ಲ ಅಂತ ಮಾಡಿತು. 2018ರ ಸಾವುಗಳ ಮೇಲೆ ವಾಟ್ಸಾಪ್ ಕೂಡ ಭಾರತದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವಂತೆ ಮಿತಿ ಹಾಕಿತು. ಇದರಲ್ಲಿ ಯಾರ ಬಾಯಿಯೂ ಮುಚ್ಚಲಿಲ್ಲ. ಏನು ಹೇಳಬಾರದು ಅಂತ ಯಾವ ಅಧಿಕಾರಿಯೂ ತೀರ್ಮಾನ ಮಾಡಲಿಲ್ಲ. ಮಾತಿನ ಓಟಕ್ಕೆ ಮಾತ್ರ ತಡೆ. ನನಗೆ ಈ ದಾರಿ ಹೆಚ್ಚು ಇಷ್ಟ. ಅಜ್ಜಿ ಮಾಡಿದ್ದೂ ಇದೇ ಅಲ್ವಾ? ಅವರು ಯಾರ ಜೊತೆಗೂ ವಾದ ಮಾಡಲಿಲ್ಲ. ಉತ್ತರ ಕೇಳಿಸುವಷ್ಟು ಹೊತ್ತು ಸಿಗುವ ಹಾಗೆ ಮಾಡಿದರು.

ಸಭೆ ಮುಗಿದ ಮೇಲೆ ಒಬ್ಬ ಹುಡುಗ ಬಂದು ಕೇಳಿದ, ‘ಮೇಡಂ, ನಾನು ಗ್ರೂಪ್ ಅಡ್ಮಿನ್. ಬೇರೆ ಯಾರೋ ಹಾಕಿದ್ದಕ್ಕೆ ನನ್ನ ಮೇಲೆ ಕೇಸ್ ಆಗುತ್ತಾ?’ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆ ಹೊರಿಸಲಾಗದು ಅಂತ 2021ರಲ್ಲಿ ಬಾಂಬೆ ಹೈಕೋರ್ಟ್, 2022ರಲ್ಲಿ ಕೇರಳ ಹೈಕೋರ್ಟ್ ಹೇಳಿವೆ. ಅದನ್ನು ಹೇಳಿದೆ. ಇನ್ನೊಬ್ಬಳು ಹುಡುಗಿ ಬೇರೆಯದೇ ಕೇಳಿದಳು, ‘ಆ ಇಬ್ಬರು ಹೆಂಗಸರು ಏನಾದರು?’

ಅವತ್ತು ರಾತ್ರಿ ಠಾಣೆಯಲ್ಲಿ ವಿಚಾರಿಸಿ ಬೆಳಿಗ್ಗೆ ಕಳಿಸಿದರು ಅನ್ನುವಷ್ಟು ನನಗೆ ಗೊತ್ತು. ಅವರ ಪಾತ್ರೆಯ ಗಂಟು ಎರಡು ದಿನ ಡೈರಿ ಒಳಗೇ ಇತ್ತು. ಯಾರೋ ಠಾಣೆಗೆ ತಲುಪಿಸಿದರು. ನಮ್ಮೂರಿಗೆ ಅವರು ಮತ್ತೆ ಬಂದಿಲ್ಲ, ಬೇರೆ ಯಾರೂ ಆ ವ್ಯಾಪಾರಕ್ಕೆ ಬಂದಿಲ್ಲ. ನಮ್ಮಮ್ಮ ಈಗಲೂ ದಿನಾ ಬಾಚಿದ ಕೂದಲನ್ನು ಬೆರಳಿಗೆ ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸುತ್ತಾರೆ. ಹೋದ ತಿಂಗಳು ಹೋದಾಗ ನೋಡಿದೆ, ಹಿತ್ತಲ ಗೋಡೆಯಲ್ಲಿ ಜಾಗ ತುಂಬಿದೆ. ಈಗ ಬಚ್ಚಲ ಗೋಡೆಗೆ ಶುರು ಮಾಡಿದ್ದಾರೆ.